ಫ್ಯೂಸ್ ಬದಲಿಸುವಾಗ ಆಂಪಿಯರ್ ಒಂದನ್ನೇ ನೋಡಿದರೆ ಸಾಲದು

ಪ್ರಶ್ನೆ: ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇದೆ. ಕಳೆದ ವಾರ ಸ್ವಿಚ್ ಹಾಕಿದಾಗ ಜೀವವೇ ಇರಲಿಲ್ಲ. ಹಿಂಬದಿಯ ಫ್ಯೂಸ್ ತೆಗೆದು ನೋಡಿದರೆ ಒಳಗಿನ ತಂತಿ ನಡುವೆ ತುಂಡಾಗಿತ್ತು, ಗಾಜು ಮಾತ್ರ ಸ್ವಚ್ಛವಾಗಿತ್ತು. ಅದರ ಲೋಹದ ಟೋಪಿಯ ಮೇಲೆ ‘ಟಿ 3.15 ಎ ಎಲ್ 250 ವಿ’ ಎಂದು ಅಚ್ಚಾಗಿದೆ. ಅಂಗಡಿಯಲ್ಲಿ ಅಷ್ಟೇ ಉದ್ದದ ‘ಎಫ್ 3.15 ಎ’ ಎಂಬ ಫ್ಯೂಸ್ ಕೊಟ್ಟರು. ಹಾಕಿ ಸ್ವಿಚ್ ಒತ್ತಿದ ಕ್ಷಣವೇ ಅದು ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಕೊನೆಗೆ ಅವರೇ ಕೊಟ್ಟ ‘ಎಫ್ 5 ಎ’ ಫ್ಯೂಸ್ ಹಾಕಿದೆ. ಮೂರು ದಿನದಿಂದ ಚೆನ್ನಾಗಿ ನಡೆಯುತ್ತಿದೆ. ಹೀಗೇ ಬಿಡಬಹುದೇ? ಫ್ಯೂಸ್ ಆರಿಸುವಾಗ ಏನೇನು ನೋಡಬೇಕು?

ಉತ್ತರ: ಬಿಡಬೇಡಿ. ಇದನ್ನು ಓದಿದ ಕೂಡಲೇ ಆಂಪ್ಲಿಫೈಯರ್‌ನ ಪ್ಲಗ್ ಕಿತ್ತಿಡಿ. ಸರಿಯಾದ ಫ್ಯೂಸ್ ಕೈಗೆ ಬರುವವರೆಗೆ ಅದು ಹಾಗೇ ಇರಲಿ. ನೀವು ಬರೆದಿರುವುದನ್ನು ನೋಡಿದರೆ ಯಂತ್ರಕ್ಕೆ ದೊಡ್ಡ ತೊಂದರೆ ಇರುವಂತೆ ಕಾಣುವುದಿಲ್ಲ. ಆದರೆ ಈಗ ಅದಕ್ಕೆ ಸರಿಯಾದ ಕಾವಲಿಲ್ಲ.

ಟೋಪಿಯ ಮೇಲಿನ ಬರಹವನ್ನು ಒಂದಕ್ಷರವೂ ಬಿಡದೆ ಬರೆದುಕೊಂಡಿದ್ದೀರಿ, ಗಾಜು ಹೇಗಿತ್ತು ಎಂದೂ ಗಮನಿಸಿದ್ದೀರಿ. ರಿಪೇರಿಗೆ ಬರುವವರಲ್ಲಿ ಹೆಚ್ಚಿನವರು ‘ಫ್ಯೂಸ್ ಹೋಗಿದೆ’ ಎಂದಷ್ಟೇ ಹೇಳುತ್ತಾರೆ, ಹೋದ ಫ್ಯೂಸನ್ನು ಎಸೆದುಬಿಟ್ಟಿರುತ್ತಾರೆ. ನಿಮ್ಮ ಸಮಸ್ಯೆಯ ಉತ್ತರ ಆ ಬರಹದ ಮೊದಲ ಅಕ್ಷರದಲ್ಲೇ ಇದೆ.

‘ಟಿ’ ಎಂದರೆ ನಿಧಾನವಾಗಿ ಹೋಗುವ ಫ್ಯೂಸ್, ‘ಎಫ್’ ಎಂದರೆ ಚುರುಕಾಗಿ ಹೋಗುವ ಫ್ಯೂಸ್. ಈ ಅಕ್ಷರಗಳು ಜರ್ಮನ್ ಭಾಷೆಯಿಂದ ಬಂದವು. ಅಲ್ಲಿ ‘ಟ್ರೇಗೆ’ ಎಂದರೆ ಜಡ, ‘ಫ್ಲಿಂಕ್’ ಎಂದರೆ ಚುರುಕು. ಅಂಗಡಿಗಳಲ್ಲಿ ಟಿ ಜಾತಿಯದನ್ನು ಸ್ಲೋ ಬ್ಲೋ ಎಂದು ಕೇಳಿದರೆ ಬೇಗ ಅರ್ಥವಾಗುತ್ತದೆ. ಇವೆರಡರ ನಡುವೆ ‘ಎಂ’, ಇನ್ನೂ ಚುರುಕಿಗೆ ‘ಎಫ್ಎಫ್’, ಇನ್ನೂ ನಿಧಾನಕ್ಕೆ ‘ಟಿಟಿ’ ಇವೆ. ಮನೆಯ ಉಪಕರಣಗಳಲ್ಲಿ ಕಾಣಸಿಗುವುದು ಬಹುಪಾಲು ಟಿ ಮತ್ತು ಎಫ್.

ಆಂಪ್ಲಿಫೈಯರ್‌ಗೆ ನಿಧಾನದ ಫ್ಯೂಸ್ ಏಕೆ ಬೇಕು? ಸ್ವಿಚ್ ಒತ್ತಿದ ಕ್ಷಣ ಒಳಗೆ ಏನಾಗುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಒಳಗೆ ಭಾರವಾದ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಅದರ ಮುಂದೆ ಡಬ್ಬಿಯಂತಹ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಿವೆ. ಆ ಕೆಪಾಸಿಟರ್‌ಗಳು ಖಾಲಿಯಾಗಿರುತ್ತವೆ. ಒಣಗಿದ ತೊಟ್ಟಿಗೆ ನೀರು ಬಿಟ್ಟಂತೆ ಮೊದಲ ಕ್ಷಣದಲ್ಲಿ ಅವು ಸಿಕ್ಕಷ್ಟು ಕರೆಂಟನ್ನು ಎಳೆಯುತ್ತವೆ. ಟ್ರಾನ್ಸ್‌ಫಾರ್ಮರ್‌ನದು ಇನ್ನೊಂದು ಕಥೆ. ಪರ್ಯಾಯ ವಿದ್ಯುತ್ತಿನ ಅಲೆ ಸೊನ್ನೆಯ ಹತ್ತಿರ ಇರುವಾಗ ನಿಮ್ಮ ಸ್ವಿಚ್ ಕೂಡಿದರೆ ಅದರ ಕಬ್ಬಿಣದ ತಿರುಳು ಕಾಂತತ್ವದಿಂದ ತುಂಬಿ ಸೊಕ್ಕುತ್ತದೆ, ಆಗ ಪ್ರವಾಹವನ್ನು ತಡೆಯಲು ಸುರುಳಿಯ ತಂತಿಯ ರೋಧ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಮಾಮೂಲಿ ಪ್ರವಾಹದ ಹತ್ತು ಪಟ್ಟು, ಉಂಗುರದಾಕಾರದ ಟ್ರಾನ್ಸ್‌ಫಾರ್ಮರ್ ಆದರೆ ಅದಕ್ಕೂ ಹೆಚ್ಚು ಕರೆಂಟ್ ಒಂದು ಗಳಿಗೆ ನುಗ್ಗುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅರ್ಧ ಅಲೆಗೆ 10 ಮಿಲಿಸೆಕೆಂಡ್. ನೂಕು ಅತಿ ಜೋರಾಗಿರುವುದು ಆ ಮೊದಲ ಅರ್ಧ ಅಲೆಯಲ್ಲಿ. ಮುಂದಿನ ಕೆಲವು ಅಲೆಗಳಲ್ಲಿ ಅದು ಇಳಿದು ಶಾಂತವಾಗುತ್ತದೆ.

ಇದು ದೋಷವಲ್ಲ, ಯಂತ್ರದ ಸಹಜ ಆರಂಭ. ಐಇಸಿ 60127 ಎಂಬ ಅಂತಾರಾಷ್ಟ್ರೀಯ ಮಾನಕದ ಪ್ರಕಾರ ತನ್ನ ಅಂಕಿಯ ಹತ್ತು ಪಟ್ಟು ಪ್ರವಾಹ ಹರಿದಾಗ ಸಾಮಾನ್ಯ ಎಫ್ ಫ್ಯೂಸ್ 20 ಮಿಲಿಸೆಕೆಂಡಿನೊಳಗೆ ಹೋಗಬೇಕು. ಅದೇ ಹತ್ತು ಪಟ್ಟಿಗೆ ನಿಮ್ಮ ಹಳೆಯ ಫ್ಯೂಸಿನಂತಹ ಟಿ ಫ್ಯೂಸ್ ಕನಿಷ್ಠ 20 ಮಿಲಿಸೆಕೆಂಡ್ ತಡೆದುಕೊಳ್ಳಬೇಕು, 300ರೊಳಗೆ ಹೋಗಬೇಕು. ನಿಮ್ಮ ಎರಡು ಎಫ್ ಫ್ಯೂಸ್‌ಗಳು ಮಾಡಿದ್ದು ಇದನ್ನೇ. ಆರಂಭದ ನೂಕನ್ನು ಶಾರ್ಟ್ ಎಂದು ತಿಳಿದು ಕಡಿದುಕೊಂಡವು. ಅಂಗಡಿಯವರು ಅಂಕಿ ನೋಡಿದರು, ಅಕ್ಷರ ನೋಡಲಿಲ್ಲ.

ಹಾಗಿದ್ದರೆ 5 ಆಂಪಿಯರ್ ಎಫ್ ಏಕೆ ನಿಂತಿತು? ಅದರ ತಂತಿ ದಪ್ಪ, ಕರಗಲು ಹೆಚ್ಚು ಶಾಖ ಬೇಕು. ಆದರೆ ಅದರ ಉಳಿವೂ ಅದೃಷ್ಟದ ಮೇಲೆ ನಿಂತಿದೆ. ಅಲೆಯ ಯಾವ ಬಿಂದುವಿನಲ್ಲಿ ಸ್ವಿಚ್ ಕೂಡಿತು ಎಂಬುದನ್ನು ನೋಡಿಕೊಂಡು ನೂಕಿನ ಪ್ರಮಾಣ ಪ್ರತಿ ಬಾರಿಯೂ ಬದಲಾಗುತ್ತದೆ. ಮೂರು ದಿನ ನಡೆದದ್ದು ನಾಲ್ಕನೆಯ ದಿನ ಹೋಗಬಹುದು. ಆಗ ಅಂಗಡಿಯವರು 8 ಆಂಪಿಯರಿನದನ್ನು ಕೊಡುತ್ತಾರೆ. ನನಗೆ ಭಯವಿರುವುದು ಇಲ್ಲೇ.

ಫ್ಯೂಸಿನ ಮೇಲಿನ ಅಂಕಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 3.15 ಎಂದಿದ್ದರೆ 3.16 ಆದ ಕೂಡಲೇ ಕಡಿದುಕೊಳ್ಳುತ್ತದೆ ಎಂದು ತಿಳಿಯುತ್ತಾರೆ. ಹಾಗಿಲ್ಲ. ಈ ಮಾನಕದ ಗಾಜಿನ ಫ್ಯೂಸ್ ತನ್ನ ಅಂಕಿಯ ಒಂದೂವರೆ ಪಟ್ಟನ್ನು ಕನಿಷ್ಠ ಒಂದು ಗಂಟೆ ಹೊರಬೇಕು. ಅಂದರೆ 3.15ರ ಫ್ಯೂಸ್ 4.7 ಆಂಪಿಯರನ್ನು ಒಂದು ಗಂಟೆ ಬಿಟ್ಟುಕೊಡುತ್ತದೆ. 230 ವೋಲ್ಟಿನಲ್ಲಿ ಲೆಕ್ಕ ಹಾಕಿದರೆ ಸುಮಾರು 1,090 ವಾಟ್. ನಿಮ್ಮ 5 ಆಂಪಿಯರಿನದು ಬಿಟ್ಟುಕೊಡುವುದು 7.5 ಆಂಪಿಯರ್, ಅಂದರೆ 1,725 ವಾಟ್. ಒಂದು ಇಸ್ತ್ರಿ ಪೆಟ್ಟಿಗೆಗೂ ಮಿಗಿಲಾದ ಶಾಖ ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಗಂಟೆ ಉತ್ಪತ್ತಿಯಾದರೂ ಫ್ಯೂಸ್ ಅಲುಗಾಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುರುಳಿಯ ಮೇಲಿನ ತೆಳು ಎನಾಮಲ್ ಲೇಪ ಸುಟ್ಟುಹೋಗಲು ಅಷ್ಟು ಹೊತ್ತು ಬೇಕಾಗಿಲ್ಲ.

ನೇರ ಶಾರ್ಟ್ ಆದರೆ 5 ಆಂಪಿಯರಿನದೂ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಅಪಾಯವಿರುವುದು ಅರೆಬರೆ ದೋಷದಲ್ಲಿ. ಸುರುಳಿಯ ನಾಲ್ಕೈದು ಸುತ್ತು ಒಂದಕ್ಕೊಂದು ಕೂಡಿಕೊಂಡಿರಬಹುದು, ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದು ಸೋರುತ್ತಿರಬಹುದು. ಅಂತಹ ದೋಷ ಸದ್ದು ಮಾಡುವುದಿಲ್ಲ, ಬೆಚ್ಚಗಾಗುತ್ತ ಹೋಗುತ್ತದೆ. ನಿಗದಿಯಾದ ಫ್ಯೂಸ್ ಅದನ್ನು ಹಿಡಿಯಬಹುದಾದ ಕಡೆ ದೊಡ್ಡ ಫ್ಯೂಸ್ ಬಿಟ್ಟುಬಿಡುತ್ತದೆ.

ನನ್ನ ಮೇಜಿಗೆ ಬಂದ ಒಂದು ರೇಡಿಯೊ ನೆನಪಾಗುತ್ತದೆ. ಮರದ ಕವಚದ ಹಳೆಯ ಸೆಟ್. ಹಿಂಬದಿಯ ರಟ್ಟು ತೆಗೆದಾಗಲೇ ಸುಟ್ಟ ವಾರ್ನಿಷಿನ ವಾಸನೆ. ಫ್ಯೂಸಿನ ಗೂಡಿನಲ್ಲಿ ಫ್ಯೂಸ್ ಇತ್ತು, ಆದರೆ ಅದರ ಸುತ್ತ ಬೆಳ್ಳಿ ಬಣ್ಣದ ಹಾಳೆಯನ್ನು ಅಚ್ಚುಕಟ್ಟಾಗಿ ಸುತ್ತಿದ್ದರು. ಟ್ರಾನ್ಸ್‌ಫಾರ್ಮರ್‌ನಿಂದ ಮೇಣ ಕರಗಿ ಸೋರಿ, ತಳದಲ್ಲಿ ಕಂದು ಬಣ್ಣದ ಹೆಪ್ಪಾಗಿತ್ತು. ಅದರ ನೇರ ಮೇಲಿನ ಮರ ಅಂಗೈಯಗಲ ಕರಿಮಸಿಯಾಗಿತ್ತು. ತಂದವರು ಹೇಳಿದ್ದು, ‘ರಾತ್ರಿ ಆನ್ ಮಾಡಿಯೇ ಮಲಗಿಬಿಟ್ಟಿದ್ದೆವು.’ ಆ ಹಾಳೆಯನ್ನು ಬಿಚ್ಚಿದರೆ ಒಳಗಿನ ಫ್ಯೂಸ್ ಎಂದೋ ಹೋಗಿತ್ತು. ಅದು ತನ್ನ ಕೆಲಸ ಮಾಡಿತ್ತು, ಅದರ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಅಂದಿನಿಂದ ಫ್ಯೂಸಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನು ನಿಮ್ಮ ಬರಹದ ಉಳಿದ ಭಾಗಗಳು.

‘250 ವಿ’ ಎಂಬುದು ವೋಲ್ಟೇಜ್. ಫ್ಯೂಸ್ ಕರಗಿದ ಮೇಲೆ ಉಳಿದ ಸಂದಿನಲ್ಲಿ ಕಿಡಿ ಹಾಯದಂತೆ ಎಷ್ಟು ವೋಲ್ಟನ್ನು ತಡೆಯಬಲ್ಲದು ಎಂಬುದರ ಗುರುತು ಅದು. ಫ್ಯೂಸ್ ಎಷ್ಟಕ್ಕೆ ಹೋಗುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಹೆಚ್ಚು ವೋಲ್ಟಿನದನ್ನು ಕಡಿಮೆ ವೋಲ್ಟಿನ ಜಾಗದಲ್ಲಿ ಹಾಕಬಹುದು, ಕಡಿಮೆಯದನ್ನು ಹೆಚ್ಚಿನ ಕಡೆ ಹಾಕಲೇಬಾರದು. ವಾಹನಗಳಿಗಾಗಿ ಮಾಡಿದ 32 ವೋಲ್ಟಿನ ಗಾಜಿನ ಫ್ಯೂಸ್‌ಗಳಲ್ಲಿ ಕೆಲವು ನೋಡಲು ಮನೆಯ ಉಪಕರಣದ ಫ್ಯೂಸಿನಂತೆಯೇ ಇರುತ್ತವೆ, ಅದೇ ಗೂಡಿನಲ್ಲಿ ಕೂರುತ್ತವೆ. 230 ವೋಲ್ಟಿನಲ್ಲಿ ಅದು ಹೋದಾಗ ಒಳಗೆ ಹೊತ್ತಿದ ಕಿಡಿ ಆರದೆ ಉರಿಯಬಹುದು, ಗಾಜು ಸಿಡಿಯಬಹುದು. ಡಿಸಿ ವಿದ್ಯುತ್ತಿನಲ್ಲಿ ಈ ಕಾಟ ಇನ್ನೂ ಹೆಚ್ಚು. 50 ಹರ್ಟ್ಸಿನ ಎಸಿ ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿಗೆ ಆರಲು ಅವಕಾಶವಿದೆ. ಡಿಸಿಯಲ್ಲಿ ಆ ಬಿಡುವಿಲ್ಲ. ಹೀಗಾಗಿ ಬ್ಯಾಟರಿ ಅಥವಾ ಸೌರ ಫಲಕದ ಸಾಲಿಗೆ ಎಸಿ ಅಂಕಿಯನ್ನು ಮಾತ್ರ ಬರೆದಿರುವ ಫ್ಯೂಸ್ ಹಾಕಬೇಡಿ.

‘ಎಲ್’ ಎಂಬ ಪುಟ್ಟ ಅಕ್ಷರವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಎಷ್ಟು ದೊಡ್ಡ ಪ್ರವಾಹವನ್ನು ಒಡೆಯದೆ, ಸಿಡಿಯದೆ ಕಡಿಯಬಲ್ಲದು ಎಂಬುದನ್ನು ಅದು ಹೇಳುತ್ತದೆ. ಎಲ್ ಅಂದರೆ ಕಡಿಮೆ ಸಾಮರ್ಥ್ಯ, 35 ಆಂಪಿಯರ್ ಅಥವಾ ತನ್ನ ಅಂಕಿಯ ಹತ್ತು ಪಟ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು. ‘ಎಚ್’ ಅಂದರೆ ಹೆಚ್ಚು ಸಾಮರ್ಥ್ಯ, 1,500 ಆಂಪಿಯರ್. ನಡುವೆ 150 ಆಂಪಿಯರಿನ ‘ಇ’ ಇದೆ. ಗೋಡೆಯ ಸಾಕೆಟ್ಟಿನಿಂದ ನೇರ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುವುದು ಸಾಮಾನ್ಯ. ದಾರಿಯ ತಂತಿಗಳ ಒಟ್ಟು ರೋಧ ಅರ್ಧ ಓಮ್ ಇದ್ದರೆ 460 ಆಂಪಿಯರ್! ಅಷ್ಟನ್ನು ಕಡಿಯಲು ಎಚ್ ಫ್ಯೂಸ್‌ಗಳನ್ನು ಸಾಮಾನ್ಯವಾಗಿ ಪಿಂಗಾಣಿಯಲ್ಲಿ ಮಾಡಿ, ಒಳಗೆ ಸ್ಫಟಿಕದ ನುಣ್ಣನೆ ಮರಳು ತುಂಬಿರುತ್ತಾರೆ. ತಂತಿ ಆವಿಯಾದಾಗ ಮರಳು ಆ ಕಿಡಿಯ ಶಾಖವನ್ನು ಹೀರಿಕೊಂಡು, ತಾನೇ ಕರಗಿ, ಗಾಜಿನಂತೆ ಗಟ್ಟಿಯಾಗಿ ದಾರಿಯನ್ನು ಮುಚ್ಚುತ್ತದೆ. ಹೋದ ಪಿಂಗಾಣಿ ಫ್ಯೂಸನ್ನು ಒಮ್ಮೆ ಒಡೆದು ನೋಡಿದರೆ ಮರಳಿನ ನಡುವೆ ಬೂದು ಬಣ್ಣದ, ಕಡ್ಡಿಯಂತಹ ಗಟ್ಟಿ ಎಳೆ ಸಿಗುತ್ತದೆ. ಅಲ್ಲಿ ತಂತಿ ಇತ್ತು.

ಪಿಂಗಾಣಿಯದು ಇದ್ದ ಕಡೆ ಗಾಜಿನದನ್ನು ಹಾಕಬಾರದು. ಒಳಗೆ ತಂತಿ ಕಾಣುತ್ತದೆ, ಪರೀಕ್ಷೆ ಸುಲಭ ಎಂಬ ಕಾರಣಕ್ಕೆ ಹಾಗೆ ಮಾಡುವವರಿದ್ದಾರೆ. ತಿರುಗಿಸಿ ಮಾಡಿದರೆ ತೊಂದರೆಯಿಲ್ಲ. ಗಾಜಿನ ಎಲ್ ಬದಲಿಗೆ ಅದೇ ಆಂಪಿಯರಿನ, ಅದೇ ವೇಗದ ಪಿಂಗಾಣಿಯ ಎಚ್ ನಡೆಯುತ್ತದೆ. ನಿಮಗೆ ‘ಟಿ 3.15 ಎ ಎಚ್ 250 ವಿ’ ಸಿಕ್ಕರೆ ಸಂಕೋಚವಿಲ್ಲದೆ ಕೊಳ್ಳಿ.

ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮದು ಬಹುತೇಕ 20 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ದಪ್ಪದ್ದು. ಇನ್ನೊಂದು ಸಾಮಾನ್ಯ ಅಳತೆ 32 ಮಿಲಿಮೀಟರ್ ಉದ್ದ, 6.3 ದಪ್ಪ. ಹಳೆಯದನ್ನು ಅಂಗಡಿಗೆ ಒಯ್ದರೆ ಗೊಂದಲವಿಲ್ಲ.

3.15 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಫ್ಯೂಸ್‌ಗಳು 1, 1.25, 1.6, 2, 2.5, 3.15, 4, 5, 6.3, 8, 10 ಎಂಬ ಸರಣಿಯಲ್ಲಿ ಬರುತ್ತವೆ. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು. ಇದೇ ಸರಣಿ ಮಿಲಿಆಂಪಿಯರಿನಲ್ಲೂ ಇರುವುದರಿಂದ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ‘ಟಿ 315 ಎಂಎ’ ಎಂದರೆ 315 ಮಿಲಿಆಂಪಿಯರ್, ನಿಮ್ಮದರ ಹತ್ತನೆಯ ಒಂದು ಭಾಗ. ಸವೆದ ಟೋಪಿಯ ಮೇಲೆ ದಶಮಾಂಶದ ಚುಕ್ಕಿ ಕಾಣದೆ ಒಂದರ ಬದಲಿಗೆ ಇನ್ನೊಂದು ಬಂದುಬಿಡುತ್ತದೆ. ಹಾಕಬೇಕಾದದ್ದು 315 ಮಿಲಿಆಂಪಿಯರ್ ಆಗಿದ್ದು ಹಾಕಿದ್ದು 3.15 ಆದರೆ ಫ್ಯೂಸ್ ಇದ್ದೂ ಇಲ್ಲದಂತೆ. ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬೀಳಿಸಿ, ಟೋಪಿಯನ್ನು ನಿಧಾನವಾಗಿ ತಿರುಗಿಸುತ್ತ ಓದಿ. ಎರಡು ಟೋಪಿಗಳ ಮೇಲೂ ನೋಡಿ, ಬರಹ ಕೆಲವೊಮ್ಮೆ ಎರಡಕ್ಕೂ ಹಂಚಿಹೋಗಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಉತ್ತರ ಅಮೆರಿಕದ ಯುಎಲ್ ಮಾನಕದ ಫ್ಯೂಸ್‌ಗಳ ಅಂಕಿಗೆ ಅರ್ಥವೇ ಬೇರೆ. ಅವು 135 ಪ್ರತಿಶತ ಪ್ರವಾಹಕ್ಕೆ ಒಂದು ಗಂಟೆಯೊಳಗೆ ಹೋಗಬೇಕು. ಐಇಸಿಯವು 150 ಪ್ರತಿಶತವನ್ನು ಒಂದು ಗಂಟೆ ಹೊರಬೇಕು. ಅಂಕಿ ಒಂದೇ ಆದರೂ ಎರಡೂ ಒಂದೇ ಅಲ್ಲ. ಐಇಸಿ ಫ್ಯೂಸ್ ಇದ್ದ ಜಾಗದಲ್ಲಿ ಅದೇ ಅಂಕಿಯ ಯುಎಲ್ ಫ್ಯೂಸ್ ಕಾರಣವಿಲ್ಲದೆ ಹೋಗುತ್ತಿರಬಹುದು. ಮೂಲ ಫ್ಯೂಸ್ ಯಾವ ಮಾನಕದ್ದೋ ಅದನ್ನೇ ಹಾಕಿ.

ಈಗ ನಿಮ್ಮ ಮೊದಲ ಫ್ಯೂಸ್ ಏಕೆ ಹೋಯಿತು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಹೊಸದನ್ನು ಹಾಕಬಾರದು ಎಂಬುದು ನನ್ನ ಹಟ. ಹೋದ ಫ್ಯೂಸನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಭಾರಿ ಶಾರ್ಟಿಗೆ ಹೋದದ್ದಾದರೆ ತಂತಿ ಕರಗುವುದಿಲ್ಲ, ಆವಿಯಾಗುತ್ತದೆ. ಆ ಆವಿ ಗಾಜಿನ ಒಳಮೈಗೆ ಅಂಟಿ ಕರಿಯ ಮಸಿಯಾಗಿರುತ್ತದೆ, ಇಲ್ಲವೇ ಕನ್ನಡಿಯಂತೆ ಹೊಳೆಯುತ್ತದೆ. ಗಾಜು ತಿಳಿಯಾಗಿದ್ದು ತಂತಿ ನಡುವೆ ಮಾತ್ರ ತುಂಡಾಗಿ, ತುದಿಗಳಲ್ಲಿ ಪುಟ್ಟ ಗುಂಡುಗಳಿದ್ದರೆ ಪ್ರವಾಹ ಸ್ವಲ್ಪವೇ ಮಿತಿಮೀರಿತ್ತು ಎಂದರ್ಥ, ಅಥವಾ ಫ್ಯೂಸಿಗೆ ವಯಸ್ಸಾಗಿತ್ತು. ಹನ್ನೆರಡು ವರ್ಷ, ದಿನಕ್ಕೆ ಒಂದೋ ಎರಡೋ ಬಾರಿ ಆರಂಭದ ನೂಕು. ಪ್ರತಿ ನೂಕಿಗೂ ತಂತಿ ಒಮ್ಮೆ ಕಾದು ಹಿಗ್ಗಿ, ತಣಿದು ಕುಗ್ಗುತ್ತದೆ. ಕೊನೆಗೊಂದು ದಿನ ದಣಿದು ಮುರಿಯುತ್ತದೆ. ನಿಮ್ಮದು ಸ್ವಿಚ್ ಹಾಕುವ ಗಳಿಗೆಯಲ್ಲಿ ಹೋಗಿದೆ, ಗಾಜು ಸ್ವಚ್ಛ, ಆಮೇಲೆ ಮೂರು ದಿನ ಯಂತ್ರ ಚೆನ್ನಾಗಿ ನಡೆದಿದೆ. ಎಲ್ಲವೂ ವಯಸ್ಸಿನ ಕಡೆಗೇ ಬೆರಳು ತೋರಿಸುತ್ತವೆ. ನಿಮ್ಮ ಬಳಿ ಹೋದ ಆ ಎರಡು ಎಫ್ ಫ್ಯೂಸ್‌ಗಳಿದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಅವುಗಳಲ್ಲಿ ತುಸು ಮಸಿ ಇರಬಹುದು, ಜೋರಿನ ನೂಕಿಗೆ ಹೋದವಲ್ಲವೇ.

ಕೆಲವು ನಿಧಾನದ ಫ್ಯೂಸ್‌ಗಳಲ್ಲಿ ತಂತಿಯ ನಡುವೆ ತವರದ ಒಂದು ಪುಟ್ಟ ಹನಿ ಇರುತ್ತದೆ. ಅದನ್ನು ತಯಾರಿಕೆಯ ದೋಷ ಎಂದುಕೊಳ್ಳಬೇಡಿ. ಬಹಳ ಹೊತ್ತು ತುಸು ಹೆಚ್ಚು ಪ್ರವಾಹ ಹರಿದಾಗ ಮೊದಲು ಕರಗುವುದು ಆ ತವರ. ಕರಗಿದ ತವರ ತಂತಿಯ ಲೋಹವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ತಂತಿ ಅಲ್ಲಿ ಸಣಕಲಾಗಿ ತುಂಡಾಗುತ್ತದೆ. ಒಂದು ಗಳಿಗೆಯ ನೂಕು ಆ ಹನಿಯನ್ನು ಕಾಯಿಸುವಷ್ಟು ಹೊತ್ತು ಇರುವುದಿಲ್ಲ. ಇನ್ನು ಕೆಲವದರಲ್ಲಿ ತಂತಿಯನ್ನು ನಾರಿನ ಕಡ್ಡಿಯ ಮೇಲೆ ಸುರುಳಿ ಸುತ್ತಿರುತ್ತಾರೆ, ನೂಕಿನ ಶಾಖವನ್ನು ಕಡ್ಡಿ ಹೀರಿಕೊಳ್ಳುತ್ತದೆ. ನೇರವಾದ ಒಂಟಿ ತಂತಿ ಕಂಡರೆ ಅದು ಹೆಚ್ಚಾಗಿ ಚುರುಕಿನದು. ಆದರೆ ನೋಟವನ್ನೇ ನಂಬಬೇಡಿ, ಅಕ್ಷರವನ್ನು ನಂಬಿ.

ಹೊಸ ಟಿ ಫ್ಯೂಸ್ ಹಾಕುವ ಮುನ್ನ ಯಂತ್ರ ನಿಜಕ್ಕೂ ಸರಿಯಿದೆಯೇ ಎಂದು ನೋಡಲು ರಿಪೇರಿಯವರು ಸೀರೀಸ್ ಬಲ್ಬಿನ ಪರೀಕ್ಷೆ ಮಾಡುತ್ತಾರೆ. ಒಂದು 100 ವಾಟಿನ, ತಂತಿ ಉರಿಯುವ ಹಳೆಯ ಬಗೆಯ ಬಲ್ಬನ್ನು ಆಂಪ್ಲಿಫೈಯರ್‌ನೊಂದಿಗೆ ಸರಣಿಯಲ್ಲಿ ಜೋಡಿಸುವುದು. ಎಲ್ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಫಳ್ಳೆಂದು ಬೆಳಗಿ ನಂತರ ಮಂಕಾದರೆ, ಕೆಪಾಸಿಟರ್ ತುಂಬಿತು, ಯಂತ್ರ ಆರೋಗ್ಯವಾಗಿದೆ. ಪೂರ್ಣ ಪ್ರಕಾಶದಲ್ಲೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ಎಂಥ ಫ್ಯೂಸ್ ಹಾಕಿದರೂ ಪ್ರಯೋಜನವಿಲ್ಲ. ಬಲ್ಬ್ ತಡೆಯಾಗಿ ನಿಲ್ಲುವುದರಿಂದ ಹೆಚ್ಚಿನ ಹಾನಿಯೂ ಆಗುವುದಿಲ್ಲ. ವೈರಿಂಗ್ ಕೆಲಸದ ಅಭ್ಯಾಸವಿಲ್ಲದಿದ್ದರೆ ಇದನ್ನು ನೀವೇ ಮಾಡಬೇಡಿ, ಬಲ್ಲವರಿಂದ ಮಾಡಿಸಿ. ಐದು ನಿಮಿಷದ ಕೆಲಸ.

ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಯಾವ ತಂತಿಯನ್ನು ಕಡಿಯುತ್ತಿದೆಯೋ ತಿಳಿಯದು. ಹೊಸ ಫ್ಯೂಸನ್ನು ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ನೋಡಿ, ಹೊಸದೇ ಕೆಟ್ಟಿರುವುದೂ ಉಂಟು. ಗೂಡಿನಿಂದ ಹೊರತೆಗೆದು ಅಳೆಯಿರಿ, ಇಲ್ಲದಿದ್ದರೆ ಸುತ್ತಲಿನ ಸರ್ಕ್ಯೂಟಿನ ಮೂಲಕ ಮೀಟರ್ ಸುಳ್ಳು ಹೇಳಬಹುದು. 3.15 ಆಂಪಿಯರಿನದು ಒಂದು ಓಮಿಗಿಂತ ಎಷ್ಟೋ ಕಡಿಮೆ ತೋರಿಸಬೇಕು. ಹತ್ತಾರು ಮಿಲಿಆಂಪಿಯರಿನ ಫ್ಯೂಸ್ ಕೆಲವು ಓಮ್ ತೋರಿಸಿದರೆ ಅದು ಅದರ ಗುಣ, ಗಾಬರಿ ಬೇಡ.

ಗೂಡಿನ ಹಿಡಿಕೆಗಳನ್ನೂ ನೋಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ‘ಸರಿಯಾದ ಫ್ಯೂಸ್ ಹಾಕಿದರೂ ತಿಂಗಳಿಗೊಮ್ಮೆ ಹೋಗುತ್ತದೆ’ ಎಂದು ಬರುವ ಯಂತ್ರಗಳಲ್ಲಿ ಅಪರಾಧಿ ಹಲವು ಬಾರಿ ಇದೇ. ಹಿಡಿಕೆ ಸಡಿಲವಾದರೆ ಅಥವಾ ಕಿಲುಬು ಹಿಡಿದರೆ ಕೂಡುವ ಜಾಗ ಬಿಸಿಯಾಗುತ್ತದೆ. ಆ ಬಿಸಿ ಟೋಪಿಯ ಮೂಲಕ ತಂತಿಗೆ ಹರಿಯುತ್ತದೆ, ಫ್ಯೂಸ್ ತನ್ನ ಅಂಕಿಗಿಂತ ಬಹಳ ಕೆಳಗೇ ಹೋಗುತ್ತದೆ. ಟೋಪಿಯ ಒಂದು ಕಡೆ ಮಾತ್ರ ಕಂದಾಗಿದ್ದರೆ, ಗೂಡಿನ ಪ್ಲಾಸ್ಟಿಕ್ ಹಳದಿಯಾಗಿ ಬಾಗಿದ್ದರೆ, ಟೋಪಿ ಗಾಜಿನಿಂದ ಕಳಚಿ ಬಂದರೆ ಗೂಡನ್ನೇ ಬದಲಿಸಿ.

ಇದೇ ತಿಳಿವಳಿಕೆಯನ್ನು ಎಲ್ಲ ಉಪಕರಣಗಳಿಗೂ ಕಣ್ಣು ಮುಚ್ಚಿ ಹಚ್ಚಬೇಡಿ. ಮೈಕ್ರೊವೇವ್ ಓವನ್ನಿನದು ಬೇರೆಯೇ ಲೋಕ. ಅದರ ಬಾಗಿಲಿನಲ್ಲಿ ಒಂದಕ್ಕಿಂತ ಹೆಚ್ಚು ಸ್ವಿಚ್‌ಗಳಿವೆ. ಬಾಗಿಲು ತೆರೆದಾಗಲೂ ಒಂದು ಸ್ವಿಚ್ ಅಂಟಿಕೊಂಡು ಉಳಿದರೆ, ಕಾವಲಿಗೆಂದೇ ಇಟ್ಟ ಇನ್ನೊಂದು ಸ್ವಿಚ್ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಹೋಗಿಸುತ್ತದೆ, ಬಾಗಿಲು ತೆರೆದಿರುವಾಗ ಓವನ್ ನಡೆಯದಿರಲಿ ಎಂದು. ಬಾಗಿಲು ತೆರೆಯುವಾಗ ಅಥವಾ ಮುಚ್ಚುವಾಗ ಫ್ಯೂಸ್ ಹೋದರೆ ಕಾರಣ ಅಲ್ಲಿದೆ. ಅಲ್ಲಿ ದೊಡ್ಡ ಫ್ಯೂಸ್ ಹಾಕುವುದೆಂದರೆ ಆ ರಕ್ಷಣೆಯನ್ನೇ ಕೆಡಿಸಿದಂತೆ. ಅದರ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡು ಕೊಲ್ಲಬಲ್ಲದು. ತರಬೇತಿ ಇಲ್ಲದವರು ಆ ಕವಚವನ್ನು ತೆಗೆಯಲೇಬಾರದು.

ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್, ಕೂದಲೊಣಗಿಸುವ ಯಂತ್ರಗಳಲ್ಲಿ ಇರುವುದು ಹೆಚ್ಚಾಗಿ ಥರ್ಮಲ್ ಫ್ಯೂಸ್. ಅದು ಹೋಗುವುದು ಪ್ರವಾಹಕ್ಕಲ್ಲ, ಉಷ್ಣಕ್ಕೆ. ಅದರ ಮೈಮೇಲೆ ಆಂಪಿಯರ್ ಮತ್ತು ವೋಲ್ಟಿನ ಜೊತೆ ಡಿಗ್ರಿಯೂ ಬರೆದಿರುತ್ತದೆ, ಆ ಡಿಗ್ರಿಯೇ ಮುಖ್ಯ. 184 ಡಿಗ್ರಿ ಸೆಲ್ಸಿಯಸ್ ಇದ್ದ ಜಾಗಕ್ಕೆ 240ರದನ್ನು ಹಾಕಿದರೆ ಅದು ನಡುವಿನ 56 ಡಿಗ್ರಿಯನ್ನು ಸುಮ್ಮನೆ ನೋಡುತ್ತ ಕೂರುತ್ತದೆ. ಗಾಜಿನ ಫ್ಯೂಸನ್ನಂತೂ ಅಲ್ಲಿ ಹಾಕಲೇಬಾರದು. ಬೆಸುಗೆ ಹಾಕುವಾಗ ಸಾಲ್ಡರಿಂಗ್ ಐರನ್ನಿನ ಶಾಖಕ್ಕೇ ಥರ್ಮಲ್ ಫ್ಯೂಸ್ ಹೋಗಿಬಿಡುತ್ತದೆ, ಆದ್ದರಿಂದ ಅದನ್ನು ತಂತಿಗಳ ಮೇಲೆ ಒತ್ತಿ ಬಿಗಿಯುವ ಪುಟ್ಟ ಲೋಹದ ಕೊಳವೆಯಿಂದ ಕೂಡಿಸುತ್ತಾರೆ. ಚಾರ್ಜರ್ ಮತ್ತು ಎಲ್ಇಡಿ ದೀಪಗಳಲ್ಲಿ ಫ್ಯೂಸಿನ ಕೆಲಸವನ್ನು ಕೆಲವೊಮ್ಮೆ ರೆಸಿಸ್ಟರ್ ಮಾಡುತ್ತದೆ. ನೋಡಲು ಸಾಧಾರಣ ರೆಸಿಸ್ಟರಿನಂತಿದ್ದರೂ ಮಿತಿಮೀರಿದಾಗ ಬೆಂಕಿ ಹೊತ್ತದೆ ತುಂಡಾಗುವಂತೆ ಮಾಡಿರುತ್ತಾರೆ. ಅದರ ಬದಲಿಗೆ ಸಾಧಾರಣ ರೆಸಿಸ್ಟರ್ ಹಾಕಬೇಡಿ.

ಬರಹವೇ ಅಳಿಸಿಹೋದ ಫ್ಯೂಸ್ ಆಗಿದ್ದರೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಮುಂದೆಂದಾದರೂ ಬೇಕಾಗುತ್ತದೆ. ಗೂಡಿನ ಪಕ್ಕದಲ್ಲಿ, ಹಿಂಬದಿಯ ಪಟ್ಟಿಯಲ್ಲಿ, ಸರ್ಕ್ಯೂಟ್ ಹಲಗೆಯ ಮೇಲೆ ಹುಡುಕಿ. ತಯಾರಕರು ಸಾಮಾನ್ಯವಾಗಿ ಅಲ್ಲೂ ಬರೆದಿರುತ್ತಾರೆ. ಯಂತ್ರದ ಕೈಪಿಡಿಯಲ್ಲಿ ಇರುತ್ತದೆ. ಅಲ್ಲೆಲ್ಲೂ ಸಿಗದಿದ್ದರೆ ಮಾತ್ರ ಲೆಕ್ಕಕ್ಕೆ ಬನ್ನಿ. ಪಟ್ಟಿಯ ಮೇಲಿನ ವಾಟನ್ನು ವೋಲ್ಟಿನಿಂದ ಭಾಗಿಸಿ. 450 ವಾಟಿನ ಆಂಪ್ಲಿಫೈಯರ್ 230 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅದರ ಒಂದೂವರೆ ಪಟ್ಟು 3, ಸರಣಿಯಲ್ಲಿ ಮುಂದಿನದು 3.15. ಹಿಂದೆ ಮುಂದೆ ನೋಡದೆ ಈ ಲೆಕ್ಕಕ್ಕೇ ಅಂಟಿಕೊಳ್ಳಬೇಡಿ. ಇದು ಸರಿಯಾದ ಅಂಕಿಯ ಆಸುಪಾಸಿಗೆ ತಲುಪಿಸುತ್ತದೆ, ಅಷ್ಟೇ. ಟ್ರಾನ್ಸ್‌ಫಾರ್ಮರ್, ಮೋಟರ್, ದೊಡ್ಡ ಕೆಪಾಸಿಟರ್ ಇದ್ದರೆ ಟಿ. ಅನುಮಾನವಿದ್ದರೆ ಚಿಕ್ಕ ಅಂಕಿಯಿಂದ ಆರಂಭಿಸಿ. ಚಿಕ್ಕದು ಹೋದರೆ ನಷ್ಟ ಒಂದು ಫ್ಯೂಸ್ ಮಾತ್ರ.

ಕೆಲವು ದೇಶಗಳಲ್ಲಿ ಪ್ಲಗ್ಗಿನೊಳಗೇ ಇನ್ನೊಂದು ಫ್ಯೂಸ್ ಇರುತ್ತದೆ. ಅದು ಮುಖ್ಯವಾಗಿ ಕಾಯುವುದು ಗೋಡೆಯಿಂದ ಯಂತ್ರದವರೆಗಿನ ಬಳ್ಳಿಯನ್ನು. ಆಂಪ್ಲಿಫೈಯರ್ ಒಳಗಿನದು ಕಾಯುವುದು ಯಂತ್ರವನ್ನು. ಒಂದಿದೆ ಎಂದು ಇನ್ನೊಂದನ್ನು ಹಿಗ್ಗಿಸುವಂತಿಲ್ಲ. ಮನೆಯ ಎಂಸಿಬಿಯ ವಿಷಯದಲ್ಲೂ ಇದೇ ಮಾತು. 16 ಆಂಪಿಯರಿನ ಎಂಸಿಬಿಗೆ ದೋಷ ಹೊಕ್ಕ ನಿಮ್ಮ ಟ್ರಾನ್ಸ್‌ಫಾರ್ಮರ್ ಎಳೆಯಬಹುದಾದ 6 ಆಂಪಿಯರ್ ಲೆಕ್ಕಕ್ಕೇ ಬರುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ‘ಟಿ 3.15 ಎ 250 ವಿ, ಎಲ್ ಅಥವಾ ಎಚ್, 5×20’ ಎಂದು ಚೀಟಿಯಲ್ಲಿ ಬರೆದುಕೊಂಡು, ಹೋದ ಮೊದಲ ಫ್ಯೂಸನ್ನೂ ಜೊತೆಗೆ ಒಯ್ಯಿರಿ. ಟಿ ಇಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ, ಹಾಡು ಎರಡು ದಿನ ಕಾಯಲಿ. ಮೂರು ತನ್ನಿ. ಒಂದನ್ನು ಹಾಕಿ, ಉಳಿದೆರಡನ್ನು ಆ ಚೀಟಿಯಲ್ಲೇ ಸುತ್ತಿ ಯಂತ್ರದ ಹಿಂಬದಿಗೆ ಅಂಟಿಸಿಡಿ, ಗಾಳಿಯ ಕಂಡಿಗಳನ್ನು ಮುಚ್ಚದಂತೆ. ಎಫ್ 5 ಆಂಪಿಯರಿನದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಮುಂದೊಂದು ದಿನ ಅವಸರದಲ್ಲಿ ಅದೇ ಕೈಗೆ ಸಿಗುತ್ತದೆ. ಮೊದಲ ಒಂದು ಗಂಟೆ ಸಾಧಾರಣ ದನಿಯಲ್ಲಿ ಹಾಡು ಹಾಕಿ ಪಕ್ಕದಲ್ಲೇ ಇರಿ, ಮೇಲ್ಭಾಗವನ್ನು ಆಗಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಅಥವಾ ಈ ಟಿ ಫ್ಯೂಸೂ ಹೋದರೆ ಎರಡನೆಯದನ್ನು ಹಾಕದೆ ಯಂತ್ರವನ್ನು ರಿಪೇರಿಗೆ ಕೊಡಿ. ಕೊಡುವಾಗ ಹೋದ ನಾಲ್ಕೂ ಫ್ಯೂಸ್‌ಗಳನ್ನು, ಯಾವುದು ಯಾವಾಗ ಹೋಯಿತು ಎಂದು ಬರೆದು, ಜೊತೆಗೇ ಕೊಡಿ.